ಐರಿಷ್ ಮನೆತನದ ಟಾರ್ಟನ್ ನಿಜಕ್ಕೂ ಹಳೆಯದಾ?

ಪ್ರಶ್ನೆ: ನಮ್ಮ ಜೊತೆ ಕೆಲಸ ಮಾಡುವ ಐರಿಷ್ ಮೂಲದವರೊಬ್ಬರ ಅಡ್ಡಹೆಸರು ಓಬ್ರಯನ್. ಅವರು ನಿವೃತ್ತರಾಗುತ್ತಿದ್ದಾರೆ. ‘ಓಬ್ರಯನ್ ಮನೆತನದ ಪುರಾತನ ಟಾರ್ಟನ್’ ಅಂತ ಚೀಟಿ ಇರುವ, ಬಣ್ಣದ ಚೌಕಳಿ ಬಟ್ಟೆಯ ಮಫ್ಲರ್ ಕೊಡೋಣ ಅಂದುಕೊಂಡಿದ್ದೇವೆ. ಅವರ ಹಿರಿಯರು ನಿಜಕ್ಕೂ ಇದೇ ಬಟ್ಟೆ ತೊಡುತ್ತಿದ್ದರಾ?

ಉತ್ತರ: ಇಲ್ಲ. ಮಫ್ಲರ್ ಚೆನ್ನಾಗಿರಬಹುದು, ಉಣ್ಣೆಯೂ ಒಳ್ಳೆಯದೇ ಇರಬಹುದು. ಆದರೆ ‘ಪುರಾತನ’ ಅನ್ನುವ ಮಾತು ಸುಳ್ಳು. ಐರ್ಲೆಂಡಿನಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಟಾರ್ಟನ್ ಅನ್ನುವ ಪದ್ಧತಿ ಹಿಂದೆ ಇರಲೇ ಇಲ್ಲ. ಇಂದು ಐರಿಷ್ ಅಡ್ಡಹೆಸರಿನಲ್ಲಿ ಮಾರಾಟವಾಗುವ ಟಾರ್ಟನ್‌ಗಳಲ್ಲಿ ಹೆಚ್ಚಿನವು ಕಳೆದ ಕೆಲವು ದಶಕಗಳಲ್ಲಿ ಹುಟ್ಟಿದವು.

ಇದನ್ನು ಕೇಳಿದವರಿಗೆ ಬೇಜಾರಾಗುವುದು ಸಹಜ. ಹಾಗಾಗಿ ಮೊದಲು ಸ್ಕಾಟ್ಲೆಂಡಿನ ಕಥೆ ನೋಡೋಣ, ಈ ಕಲ್ಪನೆ ಬಂದದ್ದೇ ಅಲ್ಲಿಂದ.

ಹಾಸು ಮತ್ತು ಹೊಕ್ಕು ಎರಡರಲ್ಲೂ ಬಣ್ಣದ ಎಳೆಗಳು ಸಾಮಾನ್ಯವಾಗಿ ಒಂದೇ ಕ್ರಮದಲ್ಲಿ ಬಂದು ಚೌಕಳಿಯಾದರೆ ಅದು ಟಾರ್ಟನ್. ಸ್ಕಾಟ್ಲೆಂಡಿನ ಗುಡ್ಡಗಾಡು ಪ್ರದೇಶವಾದ ಹೈಲ್ಯಾಂಡ್ಸ್‌ನಲ್ಲಿ ಇಂಥ ಬಟ್ಟೆ ಶತಮಾನಗಳಿಂದ ಇತ್ತು. ಆದರೆ ಅದನ್ನು ನೋಡಿ ತೊಟ್ಟವರ ಮನೆತನ ಹೇಳಲು ಆಗುತ್ತಿರಲಿಲ್ಲ. ದೊರೆಯ ವಿರುದ್ಧ ದಂಗೆಯೆದ್ದ ಹೈಲ್ಯಾಂಡರ್‌ಗಳು ಸೋತ 1746ರ ಕಲೋಡನ್ ಯುದ್ಧದ ಕಾಲದ, ಡೇವಿಡ್ ಮೋರಿಯರ್ ಬರೆದ ಚಿತ್ರವೊಂದಿದೆ. ಅದರಲ್ಲಿ ಒಬ್ಬನೇ ಸೈನಿಕನ ಕೋಟಿನ ಚೌಕಳಿ ಒಂದು ಥರ, ಸೊಂಟಕ್ಕೆ ಉಡುವ ಲಂಗದಂಥ ಕಿಲ್ಟ್‌ನದು ಇನ್ನೊಂದು ಥರ. ಯಾರು ಯಾವ ಪಕ್ಷ ಅಂತ ಗೊತ್ತಾಗುತ್ತಿದ್ದದ್ದು ಟೋಪಿಗೆ ಸಿಕ್ಕಿಸಿದ ಬಿಳಿ ರಿಬ್ಬನ್‌ನ ಹೂವಿನಿಂದ.

ಆ ಸೋಲಿನ ನಂತರ ಸರ್ಕಾರ ಹೈಲ್ಯಾಂಡ್ ಉಡುಪನ್ನೇ ನಿಷೇಧಿಸಿತು. ನಿಷೇಧ ತೆರವಾದದ್ದು 1782ರಲ್ಲಿ. 1815ರಲ್ಲಿ ಲಂಡನ್ನಿನ ಹೈಲ್ಯಾಂಡ್ ಸೊಸೈಟಿ, ನಿಮ್ಮ ನಿಮ್ಮ ಟಾರ್ಟನ್‌ನ ತುಂಡು ಕಳಿಸಿ ಅಂತ ಕುಲದ ಮುಖ್ಯಸ್ಥರನ್ನು ಕೇಳಿತು. ತಮ್ಮದು ಯಾವುದು ಅಂತ ಕೆಲವರಿಗೆ ಗೊತ್ತೇ ಇರಲಿಲ್ಲ! ಬ್ಯಾನಕ್‌ಬರ್ನ್ ಊರಿನ ವಿಲ್ಸನ್ ನೇಕಾರರು ಆ ಹೊತ್ತಿಗೆ ವಿನ್ಯಾಸಗಳಿಗೆ ನಂಬರ್ ಕೊಟ್ಟು ಮಾರುತ್ತಿದ್ದರು. ಮ್ಯಾಕ್‌ಫರ್ಸನ್ ಕುಲದ್ದು ಅಂತ ಇಂದು ಹೆಸರಾದ ಒಂದು ಟಾರ್ಟನ್, ಅವರ ಅಂಗಡಿಯಲ್ಲಿ ಬರೀ 43ನೇ ನಂಬರ್. 1822ರಲ್ಲಿ ದೊರೆ 4ನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ಎಲ್ಲರಿಗೂ ಟಾರ್ಟನ್ ಬೇಕಾಯಿತು, ಹೆಸರುಗಳು ಗಟ್ಟಿಯಾದವು. ಅಂದರೆ ಸ್ಕಾಟ್ಲೆಂಡಿನಲ್ಲೂ ಕುಲದ ಟಾರ್ಟನ್‌ಗೆ ಸುಮಾರು 200 ವರ್ಷದ ವಯಸ್ಸು.

ಹಾಗಾದರೆ ಐರ್ಲೆಂಡಿನಲ್ಲೂ ಆಗಲೇ ಯಾಕೆ ಹೀಗಾಗಲಿಲ್ಲ? ನನಗೆ ಇಡೀ ವಿಷಯದಲ್ಲಿ ಮುಖ್ಯ ಅನ್ನಿಸುವುದು ಇದೇ. ತುಂಡು ಕಳಿಸಿ ಅಂತ ಕೇಳಲು ಅಲ್ಲಿ ಕುಲದ ಮುಖ್ಯಸ್ಥರ ವ್ಯವಸ್ಥೆಯೇ ಉಳಿದಿರಲಿಲ್ಲ. 1607ರಲ್ಲಿ ಓನೀಲ್ ಮತ್ತು ಓಡಾನೆಲ್ ಮನೆತನದ ನಾಯಕರು ಡೊನೆಗಲ್‌ನ ರಾತ್‌ಮಲ್ಲನ್‌ನಿಂದ ಹಡಗು ಹತ್ತಿ ಯುರೋಪಿಗೆ ಹೊರಟುಹೋದರು. ಅವರ ಭೂಮಿ ಇಂಗ್ಲಿಷ್ ಆಡಳಿತದ ಕೈ ಸೇರಿ, ಸ್ಕಾಟ್ಲೆಂಡ್, ಇಂಗ್ಲೆಂಡಿನಿಂದ ಬಂದವರಿಗೆ ಹಂಚಿಹೋಯಿತು. ಹಳೆಯ ಗೇಲಿಕ್, ಅಂದರೆ ಇಂಗ್ಲಿಷರಿಗೂ ಮುಂಚಿನ ಐರಿಷ್ ಕುಲಗಳ ವ್ಯವಸ್ಥೆ ಮುರಿದುಬಿದ್ದು 200 ವರ್ಷ ಕಳೆದ ಮೇಲೆ ಸ್ಕಾಟ್ಲೆಂಡಿನಲ್ಲಿ ಟಾರ್ಟನ್‌ಗೆ ಹೆಸರಿಡುವ ಕೆಲಸ ನಡೆಯಿತು.

ಐರಿಷ್ ಜನ ತೊಡುತ್ತಿದ್ದದ್ದು ಬೇರೆಯೇ. ‘ಲೇನೆ’ ಅನ್ನುವ ಅಗಲ ತೋಳಿನ ಲಿನನ್ ಅಂಗಿ, ಮೇಲೆ ‘ಬ್ರಾತ್’ ಅನ್ನುವ ಉಣ್ಣೆಯ ಹೊದಿಕೆ. ಅಂಗಿಗೆ ಕೇಸರಿ ಹಳದಿ ಬಣ್ಣ ಎಷ್ಟು ಪ್ರಿಯವಾಗಿತ್ತೆಂದರೆ, 8ನೇ ಹೆನ್ರಿಯ ಕಾಲದಲ್ಲಿ, 1537ರಲ್ಲಿ, ಆ ಬಣ್ಣವನ್ನೇ ಕಾನೂನು ಮಾಡಿ ನಿಷೇಧಿಸಿದರು. ಇಂದಿಗೂ ಐರಿಷ್ ಸೇನೆಯ ಬ್ಯಾಗ್‌ಪೈಪ್ ವಾದಕರ ಕಿಲ್ಟ್ ಚೌಕಳಿಯಿಲ್ಲದ ಅಪ್ಪಟ ಕೇಸರಿ ಬಣ್ಣದ್ದು. ಕಿಲ್ಟ್ ಮಾತ್ರ ಹಳೆಯದಲ್ಲ. ಅದು ಐರಿಷ್ ಉಡುಪು ಅಂತ ಬಳಕೆಗೆ ಬಂದದ್ದು 19ನೇ ಶತಮಾನದ ಕೊನೆಯ ಗೇಲಿಕ್ ಜಾಗೃತಿಯ ಹೊತ್ತಿಗೆ.

ಐರ್ಲೆಂಡಿನ ನೆಲದಲ್ಲಿ ಟಾರ್ಟನ್ ಸಿಕ್ಕೇ ಇಲ್ಲವಾ ಅಂದರೆ, ಸಿಕ್ಕಿದೆ. 1956ರಲ್ಲಿ ಐರ್ಲೆಂಡಿನ ಉತ್ತರದ ಅಲ್‌ಸ್ಟರ್ ಪ್ರಾಂತ್ಯದ ಡಂಗಿವನ್ ಊರಿನ ಹತ್ತಿರ ಹೊಲದ ಕೆಲಸಗಾರರೊಬ್ಬರು ಅಗೆಯುವಾಗ ಜೌಗು ನೆಲದ ಪೀಟ್ ಮಣ್ಣಿನಡಿ ಒಂದು ಜೊತೆ ಬಟ್ಟೆ ಸಿಕ್ಕಿತು. ಉಣ್ಣೆಯ ಕೋಟು, ಹೊದಿಕೆ, ಚರ್ಮದ ಚಪ್ಪಲಿ, ಜೊತೆಗೆ ಚೌಕಳಿಯ ಬಿಗಿ ಪ್ಯಾಂಟು. ಕಾಲ 1600ರ ಆಸುಪಾಸು. ಕಾಲಿಗೆ ಅಂಟಿಕೊಂಡು ಕೂರಲಿ ಅಂತ ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ್ದಾರೆ. ಹರಿದಲ್ಲೆಲ್ಲ ತೇಪೆ ಹಾಕಿ ಮತ್ತೆ ಮತ್ತೆ ಹೊಲಿದಿದ್ದಾರೆ. ಬಡವನೊಬ್ಬ ಕೊನೆಯವರೆಗೂ ತೊಟ್ಟ ಬಟ್ಟೆ ಅದು. ಬೆಲ್‌ಫಾಸ್ಟ್‌ನ ಅಲ್‌ಸ್ಟರ್ ಮ್ಯೂಸಿಯಂ ಅದನ್ನು ಕಾಪಾಡಿಕೊಂಡು ಬಂದಿದೆ. ಪೀಟ್‌ನಲ್ಲಿ ಬಣ್ಣ ಬದಲಾಗಿತ್ತು. ಹಾಗಾಗಿ ಇಂದಿನ ‘ಅಲ್‌ಸ್ಟರ್ ಟಾರ್ಟನ್’ ಎರಡು ರೂಪದಲ್ಲಿ ಸಿಗುತ್ತದೆ. ಒಂದು ಸಿಕ್ಕಾಗ ಇದ್ದ ಬಣ್ಣದ್ದು, ಇನ್ನೊಂದು ಮೂಲದಲ್ಲಿ ಹೀಗಿತ್ತು ಅಂತ ಊಹಿಸಿದ ಕೆಂಪು ಬಣ್ಣದ್ದು.

ಅದು ಯಾವ ಮನೆತನದ್ದೂ ಅಲ್ಲ. ಐರಿಷ್ ನೇಯ್ಗೆಯೇ ಅಂತಲೂ ಹೇಳಲಾಗದು. ಅಲ್‌ಸ್ಟರ್‌ನ ಆಂಟ್ರಿಮ್ ಕರಾವಳಿಯಿಂದ ಸ್ಕಾಟ್ಲೆಂಡಿನ ಕಿಂಟೈರ್ ಸುಮಾರು 20 ಕಿಲೋಮೀಟರ್ ಅಷ್ಟೇ. ಜನ, ದನ, ಬಟ್ಟೆ ಎಲ್ಲವೂ ಆಚೆ ಈಚೆ ಓಡಾಡುತ್ತಿದ್ದವು.

ಅಂಗಡಿಯಲ್ಲಿ ಕಾಣುವ ‘ಕೌಂಟಿ ಟಾರ್ಟನ್’ಗಳ ಹುಟ್ಟೂ ಸ್ಪಷ್ಟವಾಗಿ ಗೊತ್ತು. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಕಾರ್ಕ್, ಕೆರಿ, ಮೇಯೋ ಹೀಗೆ ಕೌಂಟಿಗೊಂದರಂತೆ 1996ರಲ್ಲಿ ಸ್ಕಾಟ್ಲೆಂಡಿನ ಹೌಸ್ ಆಫ್ ಎಡ್ಗರ್ ಕಂಪನಿಗಾಗಿ ಪಾಲಿ ವಿಟರಿಂಗ್ ವಿನ್ಯಾಸ ಮಾಡಿದವು. ಆಮೇಲೆ ಇಂಗ್ಲೆಂಡಿನ ಮಾರ್ಟನ್ ಮಿಲ್ಸ್, ಕೌಂಟಿ ಲಾಂಛನದ ಬಣ್ಣ ಹಿಡಿದು ತನ್ನದೇ ಒಂದು ಸಾಲು ತಂದಿತು. ಹಾಗಾಗಿ ಒಂದೇ ಕೌಂಟಿಗೆ ಎರಡು ಟಾರ್ಟನ್ ಕಂಡರೆ ಗಾಬರಿ ಬೇಡ.

ಐರ್ಲೆಂಡಿನ ಆರನ್ ದ್ವೀಪಗಳ ಹೆಸರಿನ ಆರನ್ ಸ್ವೆಟರ್ ಬಗ್ಗೆಯೂ ಇಂಥದ್ದೇ ಕಥೆ ಕೇಳಿರಬಹುದು. ಮುಳುಗಿ ಸತ್ತ ಮೀನುಗಾರನ ಮನೆತನವನ್ನು ಹೆಣಿಗೆಯ ವಿನ್ಯಾಸದಿಂದ ಗುರುತಿಸುತ್ತಿದ್ದರು ಅಂತ. ಐರಿಷ್ ನಾಟಕಕಾರ ಜೆ.ಎಂ. ಸಿಂಗ್ ಅವರ ‘ರೈಡರ್ಸ್ ಟು ದ ಸೀ’ ನಾಟಕದಲ್ಲಿ (1904) ಇಂಥ ಒಂದು ಸನ್ನಿವೇಶ ಇದೆ. ಆದರೆ ಅಲ್ಲಿ ತಂಗಿ ಗುರುತಿಸುವುದು ಕಾಲುಚೀಲವನ್ನು, ತಾನೇ ಹೆಣೆಯುವಾಗ ಬಿಟ್ಟುಹೋದ ನಾಲ್ಕು ಹೊಲಿಗೆಗಳಿಂದ. ಮನೆತನದ ವಿನ್ಯಾಸದ ಮಾತೇ ಇಲ್ಲ.

ಇಷ್ಟಾದರೂ ಈ ಬಟ್ಟೆ ಕೊಳ್ಳುವವರನ್ನು ಹಗುರವಾಗಿ ನೋಡಬೇಡಿ. ಅಮೆರಿಕದಲ್ಲೇ 3 ಕೋಟಿಗೂ ಜಾಸ್ತಿ ಜನ ತಾವು ಐರಿಷ್ ಮೂಲದವರು ಅಂತ ಹೇಳಿಕೊಳ್ಳುತ್ತಾರೆ. ಅವರಲ್ಲಿ ಎಷ್ಟೋ ಜನರ ಹಿರಿಯರು 1840ರ ದಶಕದ ಮಹಾಕ್ಷಾಮದಲ್ಲಿ ಬರಿಗೈಲಿ ಹೊರಟವರು. ಊರಲ್ಲಿ ಉಳಿದ ದಾಖಲೆಗಳೂ ಕೈಗೆ ಸಿಗಲಿಲ್ಲ. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್‌ನ ದಾಖಲೆ ಕಚೇರಿ ಉರಿದು, 1821ರಿಂದ 1851ರವರೆಗಿನ ಜನಗಣತಿಯ ಹೆಚ್ಚಿನ ಭಾಗ ಬೂದಿಯಾಯಿತು. ಕೈಯಲ್ಲಿ ಹಿಡಿಯಲು ಏನಾದರೂ ಬೇಕು ಅನ್ನಿಸುವುದು ತಪ್ಪಲ್ಲ ಅಲ್ವಾ? ತಪ್ಪು, ಆ ಆಸೆ ನೋಡಿ ‘ಪುರಾತನ’ ಅಂತ ಚೀಟಿ ಅಂಟಿಸುವವರದು.

ಮಫ್ಲರ್ ಕೊಡಬೇಕೆಂದಿದ್ದರೆ ಖಂಡಿತ ಕೊಡಿ. ಕೊಳ್ಳುವ ಮುಂಚೆ ಸ್ಕಾಟಿಷ್ ರಿಜಿಸ್ಟರ್ ಆಫ್ ಟಾರ್ಟನ್ಸ್‌ನಲ್ಲಿ ಹೆಸರು ಹುಡುಕಿ. 2009ರಲ್ಲಿ ಶುರುವಾದ ಈ ಸರ್ಕಾರಿ ಪಟ್ಟಿಯಲ್ಲಿ ವಿನ್ಯಾಸ ಮಾಡಿದವರು ಯಾರು, ಯಾವಾಗ ಅನ್ನುವ ವಿವರ ಸಾಮಾನ್ಯವಾಗಿ ಸಿಗುತ್ತದೆ. ಶುಲ್ಕ ಕಟ್ಟಿ ಹೊಸ ಟಾರ್ಟನ್ ಯಾರು ಬೇಕಾದರೂ ನೋಂದಾಯಿಸಬಹುದು. ಹಾಗಾಗಿ ಪಟ್ಟಿಯಲ್ಲಿದೆ ಅಂದ ಮಾತ್ರಕ್ಕೆ ಹಳೆಯದು ಅಂತಲ್ಲ, ಇಸವಿ ನೋಡಿ. ಅವರ ಹಿರಿಯರ ಕೌಂಟಿ ಗೊತ್ತಿದ್ದರೆ ಆ ಕೌಂಟಿಯದು, ಅಲ್‌ಸ್ಟರ್ ಕಡೆಯವರಾದರೆ ಡಂಗಿವನ್ ಬಟ್ಟೆಯ ವಿನ್ಯಾಸ ಕೊಡುವುದು ಹೆಚ್ಚು ಪ್ರಾಮಾಣಿಕ.

ಇನ್ನೂ ಒಂದು ಮಾಡಬಹುದು. 1901 ಮತ್ತು 1911ರ ಐರಿಷ್ ಜನಗಣತಿ ಪೂರ್ತಿ ಉಳಿದಿದೆ. ಐರ್ಲೆಂಡಿನ ನ್ಯಾಷನಲ್ ಆರ್ಕೈವ್ಸ್ ಅದನ್ನು ಇಂಟರ್ನೆಟ್‌ನಲ್ಲಿ ಉಚಿತವಾಗಿ ಇಟ್ಟಿದೆ. ಅವರ ಮನೆಯವರು ಆಗಿನ್ನೂ ಐರ್ಲೆಂಡಿನಲ್ಲೇ ಇದ್ದರೆ, ಅಡ್ಡಹೆಸರು, ಕೌಂಟಿ ಹಾಕಿ ಹುಡುಕಿ. 1911ರ ಹಾಳೆಯಲ್ಲಿ ಮನೆಯವರೆಲ್ಲರ ಹೆಸರು, ವಯಸ್ಸು, ಕಸುಬು, ಓದು ಬರಹ ಬರುತ್ತದಾ, ಐರಿಷ್ ಭಾಷೆ ಬರುತ್ತದಾ, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಬದುಕಿದ್ದಾರೆ ಅನ್ನುವುದೆಲ್ಲ ಇದೆ. ಕೆಳಗೆ ಯಜಮಾನನ ಸಹಿ ಅಥವಾ ಗುರುತು ಇರುತ್ತದೆ. ಅದನ್ನು ಪ್ರಿಂಟ್ ತೆಗೆಸಿ ಮಫ್ಲರ್ ಜೊತೆಗಿಟ್ಟು ಕೊಡಿ.