ಕಿರುನಾಲಿಗೆ: ಒಂದು ಪದ, ಎರಡು ಅಂಗ

ಕನ್ನಡಿಯ ಮುಂದೆ ನಿಂತು ಬಾಯಿ ಅಗಲಿಸಿದರೆ ಹಿಂಭಾಗದಲ್ಲಿ ಒಂದು ಕಮಾನು, ಅದರ ನಟ್ಟನಡುವೆ ಹನಿಯಂತೆ ಜೋತುಬಿದ್ದ ಮಾಂಸದ ತುಣುಕು ಕಾಣುತ್ತದೆ. ಮನೆಮಾತಿನಲ್ಲಿ ಅದು ಕಿರುನಾಲಿಗೆ. ಶಾಲೆಯ ವಿಜ್ಞಾನ ಪಾಠದಲ್ಲೂ ಕಿರುನಾಲಿಗೆ ಬರುತ್ತದೆ, ಆದರೆ ಅಲ್ಲಿ ಅದು ನುಂಗುವಾಗ ಶ್ವಾಸನಾಳದ ಬಾಯಿಗೆ ಅಡ್ಡವಾಗುವ ಮುಚ್ಚಳ. ಪಾಠ ಓದಿದ ಮಗು ಕನ್ನಡಿ ನೋಡಿ, ಈ ಜೋತಾಡುವ ಹನಿಯೇ ಆ ಮುಚ್ಚಳ ಎಂದು ನಂಬಿಬಿಡುತ್ತದೆ. ದೊಡ್ಡವರಾದ ಮೇಲೂ ಬಹಳ ಮಂದಿಯಲ್ಲಿ ಈ ನಂಬಿಕೆ ಹಾಗೇ ಉಳಿದಿರುತ್ತದೆ.

ಇವು ಎರಡು ಬೇರೆ ಬೇರೆ ಅಂಗಗಳು. ಕಣ್ಣಿಗೆ ಕಾಣುವುದು ಯುವುಲಾ. ಅಂಗುಳದ ಹಿಂದಿನ ಅಂಚಿನಿಂದ ಕೆಳಕ್ಕೆ ಇಳಿಬಿದ್ದಿರುತ್ತದೆ, ಒಳಗಿರುವುದು ಸ್ನಾಯು ಮತ್ತು ತೆಳು ಜೊಲ್ಲು ಸುರಿಸುವ ಗ್ರಂಥಿಗಳು. ಕಾಣದಿರುವುದು ಎಪಿಗ್ಲಾಟಿಸ್. ನಾಲಿಗೆಯ ಬೇರಿನ ಹಿಂದೆ, ಗಂಟಲಿನ ಇನ್ನೂ ಆಳದಲ್ಲಿ, ಎಲೆಯಂತೆ ಮೇಲಕ್ಕೆ ನಿಂತಿರುತ್ತದೆ, ಒಳಗಿರುವುದು ಮೃದ್ವಸ್ಥಿ. ಮೊದಲನೆಯದು ಮೂಗಿನ ದಾರಿಯ ಬಾಗಿಲಿಗೆ ಸೇರಿದ್ದು, ಎರಡನೆಯದು ಶ್ವಾಸಕೋಶದ ದಾರಿಯ ಬಾಗಿಲಿಗೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು ಅಂಟಿಕೊಂಡಿರುವುದರಿಂದ ಇಲ್ಲಿ ಮೇಲಿನ ಕಿರುನಾಲಿಗೆ, ಕೆಳಗಿನ ಕಿರುನಾಲಿಗೆ ಎಂದು ಬೇರ್ಪಡಿಸಿಕೊಳ್ಳೋಣ.

ಹೆಸರುಗಳ ಬಗ್ಗೆ ಒಂದು ಮಾತು. ಯುವುಲಾ ಎಂದರೆ ಲ್ಯಾಟಿನ್ನಿನಲ್ಲಿ ಪುಟ್ಟ ದ್ರಾಕ್ಷಿ. ಸುಶ್ರುತ ಸಂಹಿತೆ ಅಂಗುಳದ ರೋಗಗಳನ್ನು ಹೇಳುವಾಗ ಗಲಶುಂಡಿಕಾ ಎನ್ನುತ್ತದೆ, ಶುಂಡಾ ಎಂದರೆ ಸೊಂಡಿಲು. ದ್ರಾಕ್ಷಿ, ಸೊಂಡಿಲು, ಕಿರಿಯ ನಾಲಿಗೆ: ಮೂರು ಭಾಷೆಯವರು ಒಂದೇ ತುಣುಕನ್ನು ನೋಡಿ ಮೂರು ಹೋಲಿಕೆ ಹುಡುಕಿದ್ದಾರೆ. ಎಪಿಗ್ಲಾಟಿಸ್ ಎಂಬ ಪದದ ಒಳಗಿರುವ ಗ್ರೀಕ್ ಬೇರಿಗೂ ನಾಲಿಗೆ ಎಂಬ ಅರ್ಥವೇ ಇದೆ. ಹಾಗಾಗಿ ಅದಕ್ಕೂ ಕಿರುನಾಲಿಗೆ ಎಂದವರನ್ನು ತಪ್ಪೆನ್ನುವಂತಿಲ್ಲ. ಯಾವುದು ಯಾವುದೆಂದು ಹೇಳದೆ ಬಿಟ್ಟಿದ್ದರಿಂದ ಮಾತ್ರ ತೊಂದರೆಯಾಯಿತು.

ಮೇಲಿನದನ್ನು ಸರಿಯಾಗಿ ನೋಡಲು ಟಾರ್ಚ್ ಮತ್ತು ಕನ್ನಡಿ ಸಾಕು. ನಾಲಿಗೆಯನ್ನು ಬಲವಂತವಾಗಿ ಚಾಚಬೇಡಿ, ಚಾಚಿದರೆ ಅದರ ಹಿಂಭಾಗ ಉಬ್ಬಿ ನೋಟಕ್ಕೆ ಅಡ್ಡ ಬರುತ್ತದೆ. ಬಾಯೊಳಗೇ ಸಡಿಲವಾಗಿ ಬಿಟ್ಟು ಬಾಯಿಂದ ಉಸಿರೆಳೆದುಕೊಳ್ಳಿ. ಮೊದಲು ನಾಲಿಗೆಯ ತುದಿಯನ್ನು ಮೇಲ್ಹಲ್ಲಿನ ಹಿಂದಿನಿಂದ ಅಂಗುಳಕ್ಕೆ ಸವರುತ್ತ ಹಿಂದಕ್ಕೆ ಎಳೆದು ನೋಡಿ. ಮುಂದೆ ಸುಕ್ಕುಸುಕ್ಕಾದ ಗಟ್ಟಿ ಜಾಗ, ಆಮೇಲೆ ನುಣುಪಾದ ಗಟ್ಟಿ ಜಾಗ, ನಂತರ ಒಮ್ಮೆಲೇ ಮೆತ್ತಗಾಗುತ್ತದೆ. ಅಂಗುಳದ ಮುಂದಿನ ಮೂರರಲ್ಲಿ ಎರಡು ಪಾಲು ಮೂಳೆ, ಅದೇ ಮೂಗಿನ ನೆಲವೂ ಹೌದು. ಹಿಂದಿನ ಒಂದು ಪಾಲು ಬರೀ ಸ್ನಾಯು, ಅದು ಮೆದು ಅಂಗುಳ. ಅದರ ಅಂಚಿನ ಮಧ್ಯದಲ್ಲಿ ಒಂದು, ಒಂದೂವರೆ ಸೆಂಟಿಮೀಟರ್ ಉದ್ದದ ಕಿರುನಾಲಿಗೆ. ಅದರ ಎರಡೂ ಕಡೆ ಎರಡೆರಡು ಮಡಿಕೆಗಳು ಕಂಬಗಳಂತೆ ಇಳಿಯುತ್ತವೆ, ಮುಂದಿನ ಕಂಬಕ್ಕೂ ಹಿಂದಿನ ಕಂಬಕ್ಕೂ ನಡುವಿನ ಗೂಡಿನಲ್ಲಿ ಟಾನ್ಸಿಲ್ ಕೂತಿರುತ್ತದೆ.

ಈಗ “ಆ…” ಎನ್ನಿ. ಮೆದು ಅಂಗುಳ ಪರದೆಯಂತೆ ಮೇಲಕ್ಕೆ ಏಳುತ್ತದೆ, ಕಿರುನಾಲಿಗೆಯೂ ಅದರ ಜೊತೆ ನೇರವಾಗಿ ಮೇಲಕ್ಕೆ ಸೆಳೆದುಕೊಳ್ಳುತ್ತದೆ. ವೈದ್ಯರು “ಆ…” ಅನ್ನಿಸುವುದು ಗಂಟಲು ಕಾಣಲೆಂದು ಮಾತ್ರವಲ್ಲ. ಮೆದು ಅಂಗುಳವನ್ನು ಎತ್ತುವುದು ಮೆದುಳಿನಿಂದ ಬರುವ 10ನೇ ನರ. ಒಂದು ಬದಿಯ ನರ ಸೋತಿದ್ದರೆ ಗಟ್ಟಿಯಿರುವ ಬದಿ ಒಂದೇ ಎಳೆಯುತ್ತದೆ, ಕಿರುನಾಲಿಗೆ ಆರೋಗ್ಯವಾಗಿರುವ ಕಡೆಗೆ ವಾಲುತ್ತದೆ. ಟಾನ್ಸಿಲ್ಲಿನ ಹಿಂದೆ ಕೀವು ತುಂಬಿದಾಗಲೂ ಅದು ವಾಲುತ್ತದೆ, ಆದರೆ ಇಲ್ಲಿ ಕಾರಣ ಎಳೆತವಲ್ಲ, ತಳ್ಳಾಟ. ಊದಿದ ಬದಿ ಅದನ್ನು ಆಚೆಗೆ ದೂಡಿರುತ್ತದೆ, ಬಾಯಿ ತೆರೆಯುವುದೇ ಕಷ್ಟವಾಗಿರುತ್ತದೆ, ಬಿಸಿ ತುತ್ತು ಬಾಯಲ್ಲಿಟ್ಟುಕೊಂಡವರ ಹಾಗೆ ದನಿ ಬದಲಾಗಿರುತ್ತದೆ. ಇಷ್ಟು ಪುಟ್ಟ ತುಣುಕು ಗಂಟಲ ಎರಡು ಬದಿಗಳ ತಕ್ಕಡಿ ಮುಳ್ಳಿನಂತೆ ಕೆಲಸಕ್ಕೆ ಬರುತ್ತದೆ.

ಮೆದು ಅಂಗುಳದ ದಿನನಿತ್ಯದ ಕೆಲಸ ಬಾಯಿಗೂ ಮೂಗಿಗೂ ನಡುವೆ ಬಾಗಿಲು ಹಾಕುವುದು, ತೆಗೆಯುವುದು. ಮೂಗು ಹಿಡಿದುಕೊಂಡು “ಅಮ್ಮ” ಎಂದು ನೋಡಿ, “ಅಬ್ಬ” ಎಂದು ಕೇಳಿಸುತ್ತದೆ. “ಅಪ್ಪ” ಎಂದರೆ ಏನೂ ಬದಲಾಗುವುದಿಲ್ಲ. ಪ, ಬ ಹೇಳುವಾಗ ಮೆದು ಅಂಗುಳ ಎದ್ದು ಮೂಗಿನ ದಾರಿ ಮುಚ್ಚಿರುತ್ತದೆ. ಮ ಹೇಳುವಾಗ ಅದು ಇಳಿದು ದಾರಿ ಬಿಡುತ್ತದೆ. ವರ್ಣಮಾಲೆಯಲ್ಲಿ ಪ್ರತಿ ವರ್ಗದ ಕೊನೆಗೆ ಬರುವ ಙ, ಞ, ಣ, ನ, ಮ ಐದೂ ಈ ಬಾಗಿಲು ತೆರೆದಾಗ ಹುಟ್ಟುವ ಅಕ್ಷರಗಳು. ನೆಗಡಿಯಾದಾಗ ದಾರಿ ಕಟ್ಟಿಕೊಂಡು ಅಮ್ಮ ಅಬ್ಬ ಆಗುತ್ತದೆ. ಸೀಳು ಅಂಗುಳವಿರುವ ಮಗುವಿನಲ್ಲಿ ಇದರ ತಿರುವುಮುರುವು: ಬಾಗಿಲು ಮುಚ್ಚುವುದೇ ಇಲ್ಲ, ಗಾಳಿ ಮೂಗಿನಿಂದ ಸೋರಿ “ಪಾಪ” ಎಂಬುದು “ಮಾಮ”ದ ಹತ್ತಿರ ಹೋಗುತ್ತದೆ. ವ್ಯಾಕರಣ ಕ ವರ್ಗವನ್ನು ಕಂಠ್ಯ ಎನ್ನುತ್ತದಲ್ಲ, ನಿಧಾನವಾಗಿ “ಕ” ಹೇಳಿ ಗಮನಿಸಿದರೆ ನಾಲಿಗೆಯ ಹಿಂಭಾಗ ತಾಗುವುದು ಕಂಠಕ್ಕಲ್ಲ, ಈ ಮೆದು ಅಂಗುಳಕ್ಕೇ.

ಮೆದು ಅಂಗುಳವನ್ನು ಬಿಗಿಯುವ ಒಂದು ಸ್ನಾಯು ಕಿವಿಗೂ ಸಂಬಂಧಪಟ್ಟಿದೆ. ಮೂಗಿನ ಹಿಂದೆ ಇಕ್ಕೆಲಗಳಲ್ಲಿ ಯೂಸ್ಟೇಷಿಯನ್ ನಾಳದ ಬಾಯಿಗಳಿವೆ, ಪ್ರತಿಸಲ ನುಂಗಿದಾಗ, ಆಕಳಿಸಿದಾಗ ಆ ಸ್ನಾಯು ನಾಳವನ್ನು ಕ್ಷಣಹೊತ್ತು ತೆರೆದು ಮಧ್ಯಕಿವಿಗೆ ಗಾಳಿ ಬಿಡುತ್ತದೆ. ಎತ್ತರದ ಘಟ್ಟ ಹತ್ತುವಾಗ ಉಗುಳು ನುಂಗಿದರೆ ಕಿವಿ ಟಪ್ಪೆಂದು ಬಿಡುವುದು ಇದರಿಂದಲೇ.

ಇನ್ನು ಕೆಳಗಿನ ಕಿರುನಾಲಿಗೆ. ಅದನ್ನು ತಿಳಿಯಲು ಗಂಟಲಿನ ನಕ್ಷೆ ಸ್ವಲ್ಪ ಬೇಕು. ಗಂಟಲಕುಳಿ ತಲೆಬುರುಡೆಯ ಬುಡದಿಂದ ಕುತ್ತಿಗೆಯ 6ನೇ ಕಶೇರುವಿನ ಮಟ್ಟದವರೆಗೆ ಇಳಿಯುವ, ಹೆಚ್ಚುಕಡಿಮೆ 12ರಿಂದ 14 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಮೇಲಿನ ಪಾಲು ಮೂಗಿನ ಹಿಂದೆ, ನಡುವಿನದು ಬಾಯಿಯ ಹಿಂದೆ, ಕೆಳಗಿನದು ಧ್ವನಿಪೆಟ್ಟಿಗೆಯ ಹಿಂದೆ. ಮೂಗು ಬಾಯಿಗಿಂತ ಮೇಲಿದೆ, ಆದರೆ ಕುತ್ತಿಗೆಯಲ್ಲಿ ಶ್ವಾಸನಾಳ ಅನ್ನನಾಳಕ್ಕಿಂತ ಮುಂದಿದೆ. ಅಂದರೆ ಹಿಂದಿನಿಂದ ಇಳಿದುಬಂದ ಗಾಳಿ ಮುಂದಕ್ಕೆ ಬರಬೇಕು, ಮುಂದಿನಿಂದ ಬಂದ ಅನ್ನ ಹಿಂದಕ್ಕೆ ಹೋಗಬೇಕು. ಎರಡು ದಾರಿಗಳು ಗಂಟಲಕುಳಿಯಲ್ಲಿ ಒಂದನ್ನೊಂದು ದಾಟುತ್ತವೆ. ಎರಡು ಕಿರುನಾಲಿಗೆಗಳೂ ಈ ದಾಟುವ ಜಾಗದ ಮೇಲೊಂದು, ಕೆಳಗೊಂದು ಇವೆ.

ಕೆಳಗಿನದು ಎಲೆಯ ಆಕಾರದ್ದು. ಎಲೆಯ ತೊಟ್ಟು ಧ್ವನಿಪೆಟ್ಟಿಗೆಯ ಮುಂಗೋಡೆಯ ಒಳಮುಖಕ್ಕೆ ಅಂಟಿದೆ, ಅಗಲವಾದ ತುದಿ ನಾಲಿಗೆಯ ಬೇರಿನ ಹಿಂದೆ ಎದ್ದು ನಿಂತಿದೆ. ಕಿವಿಯ ಮೇಲಿನ ಗಟ್ಟಿ ಅಂಚನ್ನು ಮಡಚಿ ಬಿಡಿ, ತಟ್ಟನೆ ಮೊದಲಿನಂತಾಗುತ್ತದೆ. ಅದೇ ಬಗೆಯ ಪುಟಿಯುವ ಮೃದ್ವಸ್ಥಿಯಿಂದ ಈ ಎಲೆಯೂ ಆಗಿದೆ. ಅದಕ್ಕೂ ನಾಲಿಗೆಯ ಬೇರಿಗೂ ನಡುವೆ ಎಡಬಲಕ್ಕೆ ಎರಡು ಪುಟ್ಟ ಗುಂಡಿಗಳಿವೆ. ಮೀನಿನ ಮುಳ್ಳು, ಸರಿಯಾಗಿ ನೀರು ಕುಡಿಯದೆ ನುಂಗಿದ ಮಾತ್ರೆ ಸಿಕ್ಕಿಕೊಳ್ಳುವ ಜಾಗಗಳಲ್ಲಿ ಇವೂ ಸೇರಿವೆ.

ಕುತ್ತಿಗೆಯ ಮುಂದಿರುವ ಗಂಟಲ ಗಂಟಿನ ಮೇಲೆ ಬೆರಳಿಟ್ಟು ಉಗುಳು ನುಂಗಿ. ಗಂಟು ಬೆರಳ ಕೆಳಗಿಂದ ಜಾರಿ ಸುಮಾರು 2 ಸೆಂಟಿಮೀಟರ್ ಮೇಲಕ್ಕೂ ಮುಂದಕ್ಕೂ ಹೋಗಿ, ಮತ್ತೆ ಇಳಿಯುತ್ತದೆ. ಗಂಟಲಕುಳಿಯಲ್ಲಿ ನುಂಗುವ ಕೆಲಸವೆಲ್ಲ ಈ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ನಾಲಿಗೆ ತುತ್ತನ್ನು ಅಂಗುಳಕ್ಕೆ ಒತ್ತಿ ಹಿಂದಕ್ಕೆ ದೂಡುತ್ತದೆ. ಮೆದು ಅಂಗುಳ ಎದ್ದು ಮೂಗಿನ ದಾರಿ ಮುಚ್ಚುತ್ತದೆ. ಉಸಿರು ನಿಲ್ಲುತ್ತದೆ. ಧ್ವನಿಪೆಟ್ಟಿಗೆ ಮೇಲೆದ್ದು ನಾಲಿಗೆಯ ಬೇರಿನ ಅಡಿಗೆ ಸೇರಿಕೊಳ್ಳುತ್ತದೆ, ಒಳಗೆ ಸ್ವರತಂತುಗಳು ಕೂಡಿಕೊಳ್ಳುತ್ತವೆ. ಕೆಳಗಿನ ಕಿರುನಾಲಿಗೆ ಹಿಂದಕ್ಕೆ ಬಾಗಿ ಮೇಲೆ ಮುಚ್ಚುತ್ತದೆ. ಅದು ಬಹುಮಟ್ಟಿಗೆ ತಾನಾಗಿ ಬಾಗುವುದಲ್ಲ, ಕೆಳಗಿಂದ ಧ್ವನಿಪೆಟ್ಟಿಗೆ ಎದ್ದು, ಮೇಲಿಂದ ನಾಲಿಗೆ ಮತ್ತು ತುತ್ತು ಒತ್ತಿ, ಬಾಗಿಸಲ್ಪಡುತ್ತದೆ. ಅಷ್ಟರಲ್ಲಿ ಅನ್ನನಾಳದ ಬಾಯಿಯ ಬಿಗಿ ಸಡಿಲಿ ತುತ್ತು ಕೆಳಗಿಳಿಯುತ್ತದೆ.

ಮುಚ್ಚಳ ಎಂಬ ಪಾಠದ ಮಾತು ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಶ್ವಾಸನಾಳಕ್ಕೆ ಕಾವಲು ಒಂದಲ್ಲ, ಮೂರು ಹಂತದ್ದು: ಈ ಎಲೆ, ಅದರ ಕೆಳಗಿನ ಹುಸಿ ಸ್ವರತಂತುಗಳು, ಎಲ್ಲಕ್ಕಿಂತ ಕೆಳಗೆ ನಿಜ ಸ್ವರತಂತುಗಳು. ಕ್ಯಾನ್ಸರಿಗಾಗಿ ಎಲೆಯನ್ನು ತೆಗೆಸಿಕೊಂಡವರಲ್ಲಿ ಹಲವರು ಅಭ್ಯಾಸದಿಂದ ಮತ್ತೆ ಬಾಯಿಂದ ಉಣ್ಣಲು ಕಲಿಯುತ್ತಾರೆ. ಎಲೆ ನೆಟ್ಟಗಿದ್ದರೂ ಪಾರ್ಶ್ವವಾಯುವಿನಿಂದ ಧ್ವನಿಪೆಟ್ಟಿಗೆ ಏಳುವುದು ತಡವಾದವರಿಗೆ ನೀರೂ ಶ್ವಾಸನಾಳಕ್ಕೆ ಇಳಿಯುತ್ತದೆ. ಗಟ್ಟಿ ತುತ್ತಿಗಿಂತ ನೀರು ಅಂಥವರಿಗೆ ಹೆಚ್ಚು ಕಷ್ಟ, ಏಕೆಂದರೆ ಬಾಗಿಲು ಹಾಕುವ ಮೊದಲೇ ಅದು ಹರಿದುಬಿಡುತ್ತದೆ.

ನಾವು “ನೆತ್ತಿಗೆ ಹತ್ತಿತು” ಎನ್ನುವುದರಲ್ಲಿ ಎರಡು ಬೇರೆ ಎಡವಟ್ಟುಗಳಿವೆ. ಕುಡಿಯುವಾಗ ನಕ್ಕು ನೀರು ಮೂಗಿನಿಂದ ಬಂದರೆ ಸೋತದ್ದು ಮೇಲಿನ ಬಾಗಿಲು. ಮೂಗು ಉರಿಯುತ್ತದೆ, ಅಪಾಯವಿಲ್ಲ. ಉಣ್ಣುವಾಗ ಮಾತಾಡಿ ಕೆಮ್ಮು ಒತ್ತರಿಸಿದರೆ ಸೋತದ್ದು ಕೆಳಗಿನ ಬಾಗಿಲು, ಸ್ವರತಂತುಗಳ ಹತ್ತಿರ ತಾಗಿದ್ದನ್ನು ದೇಹ ಹೊರಗೆಸೆಯುತ್ತಿದೆ. ಕೆಮ್ಮಲು ಬಿಡಿ, ಕೆಮ್ಮು ನಿಲ್ಲುವ ಮೊದಲು ನೀರು ಕುಡಿಸಬೇಡಿ. ಕೆಮ್ಮಲೂ ಆಗದೆ, ದನಿಯೂ ಬರದೆ ಕುತ್ತಿಗೆ ಹಿಡಿದುಕೊಂಡರೆ ದಾರಿ ಪೂರ್ತಿ ಕಟ್ಟಿದೆ ಎಂದರ್ಥ. ಮುಂದಕ್ಕೆ ಬಾಗಿಸಿ ಹೆಗಲಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಗುದ್ದು, ಆಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ಸ್ವಲ್ಪ ಮೇಲೆ, ಪಕ್ಕೆಲುಬಿನ ಕೆಳಗೆ ಒಳಕ್ಕೂ ಮೇಲಕ್ಕೂ 5 ಒತ್ತು, ಮತ್ತೆ ಗುದ್ದು. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ಬೆನ್ನಿಗೆ 5 ತಟ್ಟು, ಎದೆಯ ನಡುವೆ 5 ಒತ್ತು.

ಕಾಯಿಲೆಯಲ್ಲೂ ಎರಡನ್ನು ಬೇರೆ ಮಾಡಿ ನೋಡುವುದು ಮುಖ್ಯ. “ಕಿರುನಾಲಿಗೆ ಇಳಿದಿದೆ” ಎಂದಾಗ ಸಾಮಾನ್ಯವಾಗಿ ಮೇಲಿನದು ಊದಿ, ಉದ್ದವಾಗಿ, ನಾಲಿಗೆಗೆ ತಾಗುತ್ತಿರುತ್ತದೆ. ರಾತ್ರಿಯಿಡೀ ಗೊರಕೆ ಹೊಡೆದು ಬಾಯಿ ಒಣಗಿದಾಗ, ಗಂಟಲು ಸೋಂಕಿನಲ್ಲಿ, ಅಲರ್ಜಿಯಲ್ಲಿ ಹೀಗಾಗುತ್ತದೆ. ಗಂಟಲಲ್ಲಿ ಏನೋ ಸಿಕ್ಕಿದಂತೆ, ಪದೇಪದೇ ನುಂಗಬೇಕೆನಿಸುವಂತೆ ಇರುತ್ತದೆ. ಅದು ಎಲ್ಲಿಂದಲೂ ಕಳಚಿ ಬಿದ್ದಿರುವುದಿಲ್ಲ, ಬೆರಳಿನಿಂದ ಒತ್ತಿ ಎತ್ತುವ ಅಗತ್ಯವೂ ಇಲ್ಲ. ಆದರೆ ರಕ್ತದೊತ್ತಡಕ್ಕೆ ಎನಲಾಪ್ರಿಲ್, ರಾಮಿಪ್ರಿಲ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕಿರುನಾಲಿಗೆ, ತುಟಿ, ನಾಲಿಗೆ ಒಮ್ಮೆಲೇ ಊದಿದರೆ ಕಾಯುವಂತಿಲ್ಲ, ಕೂಡಲೇ ಆಸ್ಪತ್ರೆ. ಮಾತ್ರೆ ಶುರುಮಾಡಿ ತಿಂಗಳುಗಳಾದ ಮೇಲೂ ಇದು ಬರಬಹುದು.

ಕೆಳಗಿನದು ಊದುವುದು ಇನ್ನೂ ದೊಡ್ಡ ಅಪಾಯ, ಏಕೆಂದರೆ ಅದು ಉಸಿರಿನ ಹೊಸ್ತಿಲಲ್ಲೇ ಇದೆ. ಮಕ್ಕಳಲ್ಲಿ ಹಿಂದೆ ಇದಕ್ಕೆ ಮುಖ್ಯ ಕಾರಣ ಹಿಬ್ ಎಂಬ ಬ್ಯಾಕ್ಟೀರಿಯ, ಲಸಿಕೆ ಬಂದ ಕಡೆಗಳಲ್ಲಿ ಬಹಳ ಕಡಿಮೆಯಾಗಿದೆ. ಜೋರು ಜ್ವರ, ನುಂಗಲಾಗದೆ ಸುರಿಯುವ ಜೊಲ್ಲು, ಮಬ್ಬಾದ ದನಿ, ಉಸಿರೆಳೆಯುವಾಗ ಸದ್ದು, ಕೈಯೂರಿ ಮುಂದಕ್ಕೆ ಬಾಗಿ ಗದ್ದ ಚಾಚಿ ಕೂರುವುದು: ಇವು ಅದರ ಗುರುತು. ಮಗು ಹೇಗೆ ಕೂತಿದೆಯೋ ಹಾಗೇ ಎತ್ತಿಕೊಂಡು ಹೋಗಬೇಕು, ಮಲಗಿಸಬಾರದು, ಚಮಚ ಹಾಕಿ ಗಂಟಲು ನೋಡಬಾರದು. ಹಾಗೆ ಕೆಣಕಿದರೆ ಉಳಿದ ಸಣ್ಣ ದಾರಿಯೂ ಮುಚ್ಚಿಬಿಡಬಹುದು. ದೊಡ್ಡವರಲ್ಲಿ ಇದು ಮೋಸ ಮಾಡುತ್ತದೆ. ನುಂಗಲಾರದಷ್ಟು ನೋವು, ಆದರೆ ಟಾರ್ಚ್ ಬಿಟ್ಟರೆ ಟಾನ್ಸಿಲ್, ಮೇಲಿನ ಕಿರುನಾಲಿಗೆ ಎಲ್ಲ ಸರಿಯಾಗೇ ಕಾಣುತ್ತವೆ. ನೋವಿಗೂ ನೋಟಕ್ಕೂ ಇಷ್ಟು ಅಂತರ ಕಂಡರೆ ಮೂಗಿನಿಂದ ಕೊಳವೆ ಕ್ಯಾಮೆರಾ ಇಳಿಸಿ ಕೆಳಗಿನದನ್ನು ನೋಡಲೇಬೇಕು.

ಕೆಲವರ ಮೇಲಿನ ಕಿರುನಾಲಿಗೆಯ ತುದಿ ಸೀಳಿಕೊಂಡು ಎರಡಾಗಿರುತ್ತದೆ. ಗರ್ಭದಲ್ಲಿ ಅಂಗುಳದ ಎರಡು ಹೋಳುಗಳು ಮುಂದಿನಿಂದ ಹಿಂದಕ್ಕೆ ಬೆಸೆಯುತ್ತ ಹೋಗಿ ಸುಮಾರು 12ನೇ ವಾರಕ್ಕೆ ಮುಗಿಸುತ್ತವೆ, ಕೊನೆಗೆ ಕೂಡುವುದು ಕಿರುನಾಲಿಗೆ. ಹೆಚ್ಚಿನವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಆದರೆ ಅಡಿನಾಯ್ಡ್, ಅಂದರೆ ಮೂಗಿನ ಹಿಂದೆ ಗಂಟಲಕುಳಿಯ ಮೇಲ್ಭಾಗದಲ್ಲಿರುವ ಟಾನ್ಸಿಲ್‌ನಂಥ ಗಡ್ಡೆ, ತೆಗೆಸುವ ಮೊದಲು ಇದನ್ನು ವೈದ್ಯರ ಗಮನಕ್ಕೆ ತನ್ನಿ. ಒಳಗೆ ಸ್ನಾಯುವೂ ಸೀಳಿದ್ದರೆ, ಇಷ್ಟು ದಿನ ಆ ಅಡಿನಾಯ್ಡ್ ಗಡ್ಡೆಯೇ ಬಾಗಿಲಿನ ಕೊರತೆ ತುಂಬಿರುತ್ತದೆ. ಅದು ಹೋದ ಮೇಲೆ ಮಾತು ಮೂಗಿನಿಂದ ಬರತೊಡಗಬಹುದು.

ಹುಟ್ಟಿದ ಕೂಸಿನಲ್ಲಿ ಧ್ವನಿಪೆಟ್ಟಿಗೆ ಬಹಳ ಮೇಲಿರುತ್ತದೆ. ಕೆಳಗಿನ ಎಲೆಯ ತುದಿ ಮೆದು ಅಂಗುಳವನ್ನು ಮುಟ್ಟುವಷ್ಟು ಹತ್ತಿರ. ಅದಕ್ಕೇ ಮೊದಲ ಕೆಲವು ತಿಂಗಳು ಕೂಸು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುವುದು, ಮೂಗು ಕಟ್ಟಿದರೆ ಮೊಲೆ ಬಿಟ್ಟುಬಿಟ್ಟು ಅಳುವುದು. ಬೆಳೆದಂತೆ ಧ್ವನಿಪೆಟ್ಟಿಗೆ ಕೆಳಗಿಳಿದು ಎರಡೂ ದೂರವಾಗುತ್ತವೆ. ಕೆಲವು ಮಕ್ಕಳಲ್ಲಿ, ಅಪರೂಪಕ್ಕೆ ದೊಡ್ಡವರಲ್ಲೂ, ಕೆಳಗಿನದು ಎತ್ತರದಲ್ಲೇ ಉಳಿದು ನಾಲಿಗೆ ಚಾಚಿದಾಗ ಹಿಂದೆ ಬಿಳಿಗೆಂಪು ಅರ್ಧಚಂದ್ರದಂತೆ ಇಣುಕುತ್ತದೆ. ಗಡ್ಡೆಯೆಂದು ಹೆದರಿ ಓಡಿಬರುವವರಿದ್ದಾರೆ, ಗಡ್ಡೆಯಲ್ಲ. ಅಂಥವರ ಬಾಯಲ್ಲಿ ಎರಡು ಕಿರುನಾಲಿಗೆಗಳೂ ಒಂದೇ ನೋಟಕ್ಕೆ ಸಿಗುತ್ತವೆ: ಮೇಲಿಂದ ಜೋತುಬಿದ್ದದ್ದೊಂದು, ಕೆಳಗಿಂದ ಎದ್ದು ನಿಂತದ್ದೊಂದು.