ಕೋರೆ ಮುಗಿದ ಪದವಿಗೆ ಮತ್ತೆ ಹುಲ್ಲು ಬರಬೇಕಾದರೆ

ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆಯವರಿಗೆ ಪದವು ಅಂದರೆ ಏನೆಂದು ಹೇಳಬೇಕಾಗಿಲ್ಲ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಬೋಳು ಗುಡ್ಡೆ. ಮಳೆಗಾಲದಲ್ಲಿ ಹಸಿರು, ಬೇಸಿಗೆಯಲ್ಲಿ ಕಾದ ಕಾವಲಿ. ನಮ್ಮ ಕಾಸರಗೋಡು ಗಿಡ್ಡ ದನಗಳು ಮೇಯುವ ಜಾಗ. ಅಲ್ಲಿ ಕೋರೆ, ಅಂದರೆ ಕಲ್ಲಿನ ಗಣಿ, ತೋಡಿ ಕಲ್ಲು ಕಡಿದು ಮುಗಿದ ಮೇಲೆ ಹುಲ್ಲನ್ನು ವಾಪಸ್ ತರುವುದು ಹೇಗೆ? ನಾನು ಓದಿ ಅರ್ಥ ಮಾಡಿಕೊಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲು ಕಲ್ಲಿನ ಸ್ವಭಾವ. ಇದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನು 1807ರಲ್ಲಿ ಕೊಟ್ಟವರು ಸ್ಕಾಟ್ಲೆಂಡಿನ ವೈದ್ಯ, ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್. ಮಲಪ್ಪುರಂ ಕಡೆಯ ಅಂಗಾಡಿಪ್ಪುರಂನಲ್ಲಿ ಅವರು ಕಂಡದ್ದನ್ನು ನಮ್ಮ ಕೋರೆಗಳಲ್ಲೂ ಕಾಣಬಹುದು. ನೆಲದೊಳಗೆ ಇರುವಾಗ ಮೆತ್ತಗೆ, ಕಡಿದು ಗಾಳಿಗೆ ಇಟ್ಟರೆ ಗಟ್ಟಿ. ಗೋಡೆಗೆ ಒಳ್ಳೆಯ ಗುಣ, ಬೇರಿಗೆ ಅಲ್ಲ. ಕೋರೆಯ ತಳವೂ ಹೀಗೇ ಬಿಗಿಯುತ್ತದೆ. ಸುಮ್ನೆ ಬಿಟ್ಟರೆ ತಾನಾಗಿ ಸರಿಹೋಗುತ್ತದೆ ಎಂಬ ಮಾತನ್ನು ಅದಕ್ಕೇ ನಾನು ಒಪ್ಪುವುದಿಲ್ಲ. ತಳವನ್ನು ಒರಟಾಗಿ ಒಡೆಯಲೇಬೇಕು.

ಇನ್ನು ಮೇಲ್ಮಣ್ಣು. ಪದವಿನಲ್ಲಿ ಅದು ಕೆಲವು ಕಡೆ ಬೆರಳುದ್ದವೂ ಇಲ್ಲ. ಬೀಜ, ಗೆಡ್ಡೆ, ಬೇರಿಗೆ ನೆರವಾಗುವ ಶಿಲೀಂಧ್ರ ಎಲ್ಲವೂ ಆ ತೆಳು ಪದರದಲ್ಲೇ. ಜೆಸಿಬಿ ಬಂದ ಮೊದಲ ದಿನವೇ ಅದನ್ನು ಬೇರೆಯಾಗಿ ತೆಗೆದಿಡಬೇಕು. ಎತ್ತರದ ರಾಶಿ ಹಾಕಿದರೆ ಒಳಗೆ ಗಾಳಿ ಆಡದೆ ಜೀವ ಹೋಗುತ್ತದೆ. ಇಲ್ಲಿ ತೆಗೆದದ್ದನ್ನು ಕಲ್ಲು ಮುಗಿದ ಇನ್ನೊಂದು ಮೂಲೆಗೆ ಕೂಡಲೇ ಹರಡಿದರೆ ಎಲ್ಲಕ್ಕಿಂತ ಒಳ್ಳೆಯದು.

ಗೊಬ್ಬರದ ವಿಷಯ ಜಾಸ್ತಿ ಗಮನಿಸಿ. ಮಳೆಗಾಲದಲ್ಲಿ ಪದವಿನ ಮೇಲೆ ಬಗ್ಗಿ ನೋಡಿದ್ದೀರಾ? ಅಂಟು ಎಲೆಯ ಡ್ರೊಸೆರಾ, ನೀಲಿ ಹೂವಿನ ಯುಟ್ರಿಕುಲೇರಿಯಾ. ಎರಡೂ ಚಿಕ್ಕ ಜೀವಿಗಳನ್ನು ಹಿಡಿದು ಬದುಕುವ ಗಿಡಗಳು, ಯಾಕೆಂದರೆ ಮಣ್ಣಲ್ಲಿ ಸಾರಜನಕ ತೀರಾ ಕಡಿಮೆ. ಬಡ ಮಣ್ಣೇ ಅವುಗಳಿಗೆ ರಕ್ಷೆ. ಗೊಬ್ಬರ ಸುರಿದರೆ ಕಮ್ಯುನಿಸ್ಟ್ ಗಿಡದಂಥ ಕಳೆ ಎದ್ದು ಇವನ್ನು ಮುಚ್ಚಿಬಿಡುತ್ತದೆ. ಅಕೇಶಿಯಾ ನೆಟ್ಟರೂ ಅಷ್ಟೇ. ಆಸ್ಟ್ರೇಲಿಯಾ, ಪಾಪುವಾ ನ್ಯೂಗಿನಿ ಕಡೆಯ ಆ ಮರ ಬೇರಿನ ಗಂಟುಗಳಲ್ಲಿ ಸಾರಜನಕ ಕಟ್ಟುತ್ತದೆ, ಮೇಲಿಂದ ನೆರಳು, ಕೆಳಗೆ ದಪ್ಪ ತರಗೆಲೆ. ಮರ ನೆಟ್ಟರೆ ಒಳ್ಳೆಯದೇ ಅಲ್ವಾ ಎಂದು ನಾನೂ ಅಂದುಕೊಂಡಿದ್ದೆ. ದೂರದಿಂದ ಹಸಿರು ಕಾಣುತ್ತದೆ ನಿಜ, ಆದರೆ ಬಿಸಿಲು ಬೇಡುವ ಪದವಿನ ಹುಲ್ಲು ಅದರಡಿ ಬದುಕುವುದಿಲ್ಲ. ಕುಂಟಾಲ, ಕೇಪಳ, ನೆಕ್ಕರೆಯಂಥ ಊರ ಗಿಡಗಳನ್ನು ಅಂಚಿನಲ್ಲಿ ಮಾತ್ರ ಬೆಳೆಸಬಹುದು.

ಬೀಜವನ್ನು ಪಕ್ಕದ ಕೆಡದ ಪದವಿನಿಂದಲೇ ತರಬೇಕು. ಮಳೆ ನಿಂತು ತೆನೆ ಬಲಿತಾಗ ಹುಲ್ಲನ್ನು ತೆನೆ ಸಮೇತ ಕೊಯ್ದು ಒಣಗಿಸಿಡಿ. ಅನೇಕ ಹುಲ್ಲುಗಳ ಹೊಸ ಬೀಜ ಕೂಡಲೇ ಮೊಳೆಯುವುದಿಲ್ಲ, ಕೆಲವು ತಿಂಗಳು ಮಲಗಿರುತ್ತದೆ. ಮೇ ಕೊನೆಗೆ ಆ ಹುಲ್ಲನ್ನೇ ಹಾಸಿದರೆ ಬೀಜಕ್ಕೆ ಹೊದಿಕೆಯೂ ಆಯಿತು. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ. ಇಳಿಜಾರಿಗೆ ಅಡ್ಡವಾಗಿ ಕಲ್ಲುಚೂರಿನ ಸಾಲು ಇಡದಿದ್ದರೆ ಮಣ್ಣು ಕೊಚ್ಚಿಹೋಗಿ ತೋಡು (ಹಳ್ಳ) ಸೇರುತ್ತದೆ. ತಗ್ಗುಗಳನ್ನೆಲ್ಲ ಮುಚ್ಚಬೇಡಿ. ಪಳ್ಳದಲ್ಲಿ, ಅಂದರೆ ಇಂಥ ತಗ್ಗಿನಲ್ಲಿ, ನಿಂತ ನೀರು ನಿಧಾನವಾಗಿ ಇಂಗಿದರೆ ನೀರಿಗಾಗಿ ಗುಡ್ಡೆಯೊಳಗೆ ಅಡ್ಡ ಕೊರೆದ ಕೆಳಗಿನ ಸುರಂಗಗಳಿಗೂ ಒಳ್ಳೆಯದು.

ಬೇರು ಹಿಡಿಯುವ ತನಕ, ಅಂದರೆ ಕನಿಷ್ಠ ಎರಡು ಮಳೆಗಾಲ, ದನ ಬಿಡಬಾರದು. ಆಮೇಲೆ ಮಿತವಾಗಿ ಬಿಡಿ. ಮೇಯದಿದ್ದರೆ ಎತ್ತರದ ಹುಲ್ಲು ಸಣ್ಣ ಗಿಡಗಳಿಗೆ ಬಿಸಿಲು ಬಿಡುವುದಿಲ್ಲ.

ಕೆಲಸ ಸರಿಯಾಯಿತೇ ಎಂದು ನೋಡಲು ಸೆಪ್ಟೆಂಬರ್‌ನಲ್ಲಿ ಕೋರೆಯ ಜಾಗದಲ್ಲೂ ಪಕ್ಕದ ಹಳೆಯ ಪದವಿನಲ್ಲೂ ಒಂದೊಂದು ಮೀಟರ್ ಉದ್ದಗಲದ ಚೌಕ ಹಾಕಿ. ಎಷ್ಟು ಹಸಿರಿದೆ ಎಂದಲ್ಲ, ಎಷ್ಟು ಬಗೆಯ ಗಿಡಗಳಿವೆ ಎಂದು ಎಣಿಸಿ.