‘ನಿರಾಶ್ರಿತ’ ಎಂದರೆ ಆಶ್ರಯವಿಲ್ಲದವನಲ್ಲ

ಸಂಶೋಧನಾ ಪ್ರಬಂಧವೊಂದರ ಮೊದಲ ಪುಟದಲ್ಲಿ ‘ವಲಸಿಗರು’ ಎನಿಸಿಕೊಂಡ ಜನ ಮೂರನೆಯ ಪುಟದಲ್ಲಿ ‘ನಿರಾಶ್ರಿತರು’ ಆಗಿ, ಕೋಷ್ಟಕದ ಹೊತ್ತಿಗೆ ‘ವಲಸೆ ನಿರಾಶ್ರಿತರು’ ಆಗಿಬಿಡುವುದನ್ನು ಮತ್ತೊಮ್ಮೆ ಓದಬೇಕಾಗಿ ಬಂದುದರಿಂದ ಈ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದೇ ಪದ ಪುನರಾವರ್ತನೆಯಾದರೆ ಬರಹ ಸೊರಗುತ್ತದೆಂಬ ಅಂಜಿಕೆ ಕಥೆಗಾರರಿಗೆ ಇರಲಿ. ತಲೆ ಎಣಿಸುವವರಿಗೆ ಅದು ಸಲ್ಲದು.

ತೊಡಕಿನ ಒಂದು ಪಾಲು ನಮ್ಮ ಪದಗಳಲ್ಲೇ ಇದೆ. ‘ನಿರಾಶ್ರಿತ’ವನ್ನು ಬಿಡಿಸಿದರೆ ಆಶ್ರಯವಿಲ್ಲದವನು ಎಂದಾಗುತ್ತದೆ, ಆದ್ದರಿಂದಲೇ ನೆರೆಯಲ್ಲಿ ಮನೆ ಕಳೆದುಕೊಂಡವರನ್ನೂ ಬೀದಿಯಲ್ಲಿ ಮಲಗುವವರನ್ನೂ ಹಾಗೆಯೇ ಕರೆಯುವ ರೂಢಿ ಬೆಳೆದಿದೆ. ಇಂಗ್ಲಿಷಿನ ‘ರೆಫ್ಯೂಜಿ’ ಹುಟ್ಟಿದ್ದು ಇದಕ್ಕೆ ತೀರ ವಿರುದ್ಧವಾದ ಅರ್ಥದಿಂದ. ಪ್ರಾಟೆಸ್ಟೆಂಟರಿಗೆ ಧಾರ್ಮಿಕ ಸ್ವಾತಂತ್ರ್ಯ ಕೊಟ್ಟಿದ್ದ ನಾಂತ್ ಶಾಸನ 1685ರಲ್ಲಿ ರದ್ದಾದ ಮೇಲೆ ಫ್ರಾನ್ಸ್ ತೊರೆದು ಬಂದ ಹ್ಯೂಗೆನೊ ಪ್ರಾಟೆಸ್ಟೆಂಟರೊಡನೆ ಇಂಗ್ಲಿಷಿನಲ್ಲಿ ನೆಲೆಯೂರಿದ ಈ ಫ್ರೆಂಚ್ ಮಾತಿಗೆ ಆಶ್ರಯ ಪಡೆದವನು ಎಂದೇ ಅರ್ಥ. ‘ಶರಣಾರ್ಥಿ’ ಇನ್ನಷ್ಟು ಹೊಂದುತ್ತಿತ್ತು, ಹಿಂದಿ ಅದನ್ನೇ ಬಳಸುತ್ತದೆ. ಆದರೆ ‘ಶರಣು ಶರಣಾರ್ಥಿ’ ಎಂದು ಕೈಮುಗಿಯುವ ನಮ್ಮಲ್ಲಿ ಆ ಪದಕ್ಕೆ ಬೇರೆಯೇ ಮನೆ ಸಿಕ್ಕಿಬಿಟ್ಟಿದೆ. ಇನ್ನು ‘ವಲಸೆ’ಯ ಕಥೆ ಎಲ್ಲಕ್ಕಿಂತ ಸೋಜಿಗದ್ದು. ಇಂದು ಕೆಲಸ ಹುಡುಕಿ ಹೋಗುವುದನ್ನೇ ಮೊದಲು ನೆನಪಿಗೆ ತರುವ ಈ ಪದಕ್ಕೆ ಹಳೆಯ ನಿಘಂಟುಗಳು ಕೊಡುವ ಅರ್ಥ, ಹಗೆಯ ದಂಡಿಗೆ ಹೆದರಿ ಮನೆಮಾರು ಬಿಟ್ಟು ಓಡುವುದು. ಅಂದರೆ ನಾವು ಈಗ ಯಾರನ್ನು ವಲಸಿಗರಿಂದ ಬೇರ್ಪಡಿಸಲು ಹೆಣಗುತ್ತಿದ್ದೇವೋ, ಒಂದು ಕಾಲಕ್ಕೆ ವಲಸೆ ಹೋದವರೆಂದರೆ ಅವರೇ.

ಕಾನೂನಿನ ನಿರಾಶ್ರಿತ ಇಷ್ಟು ವಿಶಾಲನಲ್ಲ. ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದದ ಪ್ರಕಾರ ಅವನು ತನ್ನ ದೇಶದ ಹೊರಗಿರಬೇಕು. ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪಿನ ಸದಸ್ಯತ್ವ, ರಾಜಕೀಯ ಅಭಿಪ್ರಾಯ ಎಂಬ ಐದು ಕಾರಣಗಳಲ್ಲಿ ಯಾವುದಾದರೊಂದಕ್ಕೆ ಕಿರುಕುಳವಾದೀತೆಂಬ ಆಧಾರವುಳ್ಳ ಭಯ ಅವನಿಗಿರಬೇಕು. ಬರ, ಹಸಿವು, ಏರುತ್ತಿರುವ ಕಡಲು ಈ ಪಟ್ಟಿಯಲ್ಲಿ ಇಲ್ಲ. ‘ಹವಾಮಾನ ನಿರಾಶ್ರಿತ’ ಎಂದು ಸರಾಗವಾಗಿ ಬರೆಯುವವರು ಇದನ್ನು ಒಮ್ಮೆ ಓದಿಕೊಳ್ಳಬೇಕು. ಸಾಮಾನ್ಯ ಹಿಂಸಾಚಾರದಿಂದ ಓಡಿದವರನ್ನೂ ಒಳಗೊಳ್ಳುವಂತೆ 1969ರ ಆಫ್ರಿಕಾ ಒಪ್ಪಂದ ಮತ್ತು ಲ್ಯಾಟಿನ್ ಅಮೆರಿಕದ 1984ರ ಕಾರ್ಟಜೀನಾ ಘೋಷಣೆ ವ್ಯಾಖ್ಯೆಯನ್ನು ಹಿಗ್ಗಿಸಿದವು, ಆದರೆ ತಮ್ಮ ತಮ್ಮ ಪ್ರದೇಶಗಳ ಮಟ್ಟಿಗೆ ಮಾತ್ರ. ವಿಶ್ವಸಂಸ್ಥೆಯ 1998ರ ಅಂಕಿಅಂಶ ಶಿಫಾರಸಿನಲ್ಲಿರುವ ದೀರ್ಘಾವಧಿ ವಲಸಿಗನಾದರೋ ವಾಸದ ದೇಶವನ್ನು ಕನಿಷ್ಠ 12 ತಿಂಗಳ ಮಟ್ಟಿಗೆ ಬದಲಿಸಿದವನು, ಅಷ್ಟೆ. ಏಕೆ ಹೋದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಒಂದು ವ್ಯಾಖ್ಯೆ ಕಾರಣವನ್ನು ವಿಚಾರಿಸುತ್ತದೆ, ಇನ್ನೊಂದು ತಿಂಗಳು ಎಣಿಸುತ್ತದೆ. ಇವೆರಡರ ಅಂಕಿಗಳನ್ನು ಕೂಡಿಸಿ ಬಂದ ಮೊತ್ತಕ್ಕೆ ಯಾವ ಹೆಸರೂ ಒಪ್ಪುವುದಿಲ್ಲ.

ತುರ್ಕಿಯ ಉದಾಹರಣೆ ನೋಡಿ. ಯುರೋಪಿನ ಘಟನೆಗಳಿಂದ ಓಡಿ ಬಂದವರಿಗೆ ಮಾತ್ರ ಪೂರ್ಣ ನಿರಾಶ್ರಿತ ಸ್ಥಾನ ಎಂಬ ಷರತ್ತನ್ನು ಆ ದೇಶ ಉಳಿಸಿಕೊಂಡಿರುವುದರಿಂದ, ಯುದ್ಧದಿಂದ ಪಾರಾಗಿ ಅಲ್ಲಿಗೆ ಬಂದ ಸಿರಿಯನ್ನರು ಅಲ್ಲಿನ ಕಾನೂನಿನಲ್ಲಿ ‘ತಾತ್ಕಾಲಿಕ ರಕ್ಷಣೆ’ಯಲ್ಲಿರುವವರು; ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಲ್ಲಿ ಅವರೇ ನಿರಾಶ್ರಿತರು. ಮನುಷ್ಯರು ಬದಲಾಗಿಲ್ಲ, ಕಡತ ಬದಲಾಗಿದೆ. ಅದೇ ಸಂಸ್ಥೆಯ ಕೈಪಿಡಿ, ಮಾನ್ಯತೆ ಯಾರನ್ನೂ ನಿರಾಶ್ರಿತನನ್ನಾಗಿ ಮಾಡುವುದಿಲ್ಲ, ಆಗಲೇ ನಿರಾಶ್ರಿತನಾಗಿರುವವನನ್ನು ಹಾಗೆಂದು ಘೋಷಿಸುತ್ತದೆ, ಅಷ್ಟೇ ಎನ್ನುತ್ತದೆ. ಸಂಶೋಧಕ ಇದನ್ನು ಒಪ್ಪಿದರೆ ಸರ್ಕಾರಿ ನೋಂದಣಿಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ, ಏಕೆಂದರೆ ಅರ್ಜಿ ಹಾಕದವರೂ ತಪ್ಪಾಗಿ ತಿರಸ್ಕೃತರಾದವರೂ ಅಲ್ಲಿ ಸಿಗುವುದಿಲ್ಲ. ಜನರನ್ನೇ ಕೇಳಿದರೆ ಭಯ, ಸಾಲ, ಮಕ್ಕಳ ಓದು, ಗಡಿಯಾಚೆಯ ಅಣ್ಣ ಎಲ್ಲವೂ ಒಂದೇ ಉತ್ತರದಲ್ಲಿ ಬರುತ್ತವೆ. ‘ಬಲವಂತದ’ ಮತ್ತು ‘ಸ್ವಇಚ್ಛೆಯ’ ಎಂಬ ಎರಡೇ ಚೌಕಗಳಿರುವ ಪ್ರಶ್ನಾವಳಿ ಅದರಲ್ಲಿ ಯಾವುದಕ್ಕೆ ಗುರುತು ಹಾಕಬೇಕು?

‘ನಿರಾಶ್ರಿತರೆಲ್ಲರೂ ವಲಸಿಗರೇ, ವಲಸಿಗರೆಲ್ಲರೂ ನಿರಾಶ್ರಿತರಲ್ಲ’ ಎಂಬ ಸೂತ್ರವನ್ನು ಕೆಲವರು ಪರಿಹಾರವೆಂಬಂತೆ ಮುಂದಿಡುತ್ತಾರೆ. ಅದರ ಎರಡನೆಯ ಅರ್ಧ ಸರಿ. ಮೊದಲನೆಯದಕ್ಕೆ ವಿಶ್ವಸಂಸ್ಥೆಯ ಪ್ಯಾಲೆಸ್ತೀನ್ ನಿರಾಶ್ರಿತರ ಪಟ್ಟಿಯೇ ಉತ್ತರ: 1948ರ ಸಂಘರ್ಷದಲ್ಲಿ ಮನೆಯನ್ನೂ ಜೀವನೋಪಾಯವನ್ನೂ ಕಳೆದುಕೊಂಡವರ ಜೊತೆಗೆ ಗಂಡು ಸಂತತಿಯ ಮೂಲಕ ಅವರ ವಂಶಜರೂ ಅದರಲ್ಲಿ ನೋಂದಾಯಿತರಾಗುತ್ತಾರೆ. ಆ ಪಟ್ಟಿಯಲ್ಲಿರುವ ಮೊಮ್ಮಗ ತಾನು ಹುಟ್ಟಿದ ಊರನ್ನು ಬಿಟ್ಟು ಒಂದು ದಿನವೂ ಬೇರೆಡೆ ವಾಸಿಸಿರದೆ ಇರಬಹುದು.